ಲಾಳಿಯ ತಳಿ ಯಾವುದು?

ನನ್ನ ಕಾಲಿಗೆ ಒಂದು ಕೆಟ್ಟ ಚಾಳಿ ಇದೆ. ‘ಪ್ರವೇಶವಿಲ್ಲ’ ಎಂಬ ಬೋರ್ಡು ಕಂಡರೆ ಸಾಕು, ಅದು ಆ ಕಡೆಗೇ ತಿರುಗುತ್ತದೆ. ಒಳಗೆ ಹೋಗಿ ಮಾಡಬೇಕಾದ ಘನಂದಾರಿ ಕೆಲಸ ಏನೂ ಇರುವುದಿಲ್ಲ. ಹುಲ್ಲಿನ ಮೇಲೆ ಕಾಲಿಡಬೇಡಿ ಎಂದು ಯಾರೋ ಬರೆದು ನಿಲ್ಲಿಸದೆ ಹೋಗಿದ್ದರೆ ಅಲ್ಲಿ ಹುಲ್ಲು ಇದೆ ಎಂಬುದೇ ನನ್ನ ಗಮನಕ್ಕೆ ಬರುತ್ತಿರಲಿಲ್ಲ. ಮೂವತ್ತೊಂದು ವರ್ಷ ಸರ್ಕಾರಿ ಶಾಲೆಯಲ್ಲಿ ಮಕ್ಕಳಿಗೆ ‘ಓಡಬೇಡಿ, ಕೂಗಬೇಡಿ, ಗೋಡೆ ಮೇಲೆ ಗೀಚಬೇಡಿ’ ಎಂದು ಹೇಳಿ ಸಂಬಳ ತೆಗೆದುಕೊಂಡವಳೂ ನಾನೇ ಆದ್ದರಿಂದ ಇದನ್ನು ಒಪ್ಪಿಕೊಳ್ಳಲು ಸ್ವಲ್ಪ ನಾಚಿಕೆಯಾಗುತ್ತದೆ. ಸ್ವಲ್ಪ ಮಾತ್ರ.

ನೀವು ಈಗ ಓದುತ್ತಿರುವ ಈ ಕನ್ನಡವೂ ಆ ಚಾಳಿಯ ಕೂಸೇ. ನಮ್ಮದು ಕೊಯಮತ್ತೂರಿನ ಕಡೆಯ ಸಿರುಮುಗೈಯ ನೇಕಾರರ ಮನೆತನ. ಎಷ್ಟು ತಲೆಮಾರಿನ ಹಿಂದೆ ಈ ಸೀಮೆಗೆ ಬಂದೆವೋ ಹೇಳುವವರು ಈಗ ಯಾರೂ ಇಲ್ಲ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ನಾನು ಪಾಠ ಹೇಳಿದ್ದೂ ತಮಿಳನ್ನೇ. ನಿವೃತ್ತಿಯ ದಿನ ಸಹೋದ್ಯೋಗಿಯೊಬ್ಬರು ‘ನಿಮ್ಮದು ಅಡುಗೆಮನೆಯ ಕನ್ನಡ ಟೀಚರ್, ಅದರಲ್ಲಿ ಓದು ಬರಹ ಆಗುವಂಥದ್ದಲ್ಲ’ ಎಂದರು. ಪಾಪ, ಪ್ರೀತಿಯಿಂದಲೇ ಹೇಳಿದ್ದು. ಮಾರನೆಯ ವಾರವೇ ನಾನು ಸ್ಲೇಟು ಕೊಂಡು ಅ ಆ ತಿದ್ದಲು ಕೂತೆ. ಮದುವೆಯಾಗದೆ ಉಳಿದದ್ದಕ್ಕೂ, ಆಗಲೇಬೇಕು ಎಂದು ಎಲ್ಲರೂ ಒಟ್ಟಾಗಿ ಹೇಳಿದ್ದೇ ಕಾರಣವಿರಬಹುದು.

ಇಂಥವಳ ಮನೆಗೆ ಒಂದು ನಾಯಿ ಬಂತು. ನಾಯಿಯ ಹೆಸರು ಲಾಳಿ. ನೇಯುವವರ ಮನೆಯಲ್ಲಿ ಲಾಳಿ ಎಂದರೆ ಅಡ್ಡನೂಲು ಹೊತ್ತುಕೊಂಡು ಮಗ್ಗದ ಈ ಬದಿಯಿಂದ ಆ ಬದಿಗೆ ಓಡುವ ಮರದ ತುಂಡು. ಮರಿಯಾಗಿದ್ದಾಗ ಇವಳೂ ಹಾಗೆಯೇ ಮನೆ ತುಂಬ ಓಡಾಡುತ್ತಿದ್ದಳಂತೆ, ನನ್ನ ತಮ್ಮ ರಂಗಸಾಮಿ ಆ ಹೆಸರಿಟ್ಟ. ಕಂದು ಮೈ, ಬಿಳಿ ಎದೆ, ಒಂದು ಕಿವಿ ನೆಟ್ಟಗೆ, ಇನ್ನೊಂದು ಅರ್ಧಕ್ಕೆ ಮಡಚಿಕೊಂಡದ್ದು. ಬೀದಿಯ ಚರಂಡಿ ಪಕ್ಕ ಸಿಕ್ಕಿದವಳು. ತಂದೆ ಯಾರು ಎಂಬುದು ತಾಯಿಗೂ ಖಾತರಿ ಇರಲಾರದು.

ರಂಗಸಾಮಿಯದು ನೆಲದಲ್ಲಿ ಗುಂಡಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯುವ ಗುಂಡಿಮಗ್ಗ. ಲಾಳಿ ಬೆಳೆದದ್ದು ಆ ಗುಂಡಿಯ ಅಂಚಿನಲ್ಲಿ. ರೇಷ್ಮೆ ನೇಯುವ ಕಡೆ ನಾಯಿ ಇರುವುದೇ ತಪ್ಪು, ಒಂದು ಕೂದಲು ಹಾಸುನೂಲಿಗೆ ಸಿಕ್ಕಿದರೂ ಸೀರೆಯಲ್ಲಿ ಕಾಣುತ್ತದೆ. ಅದಕ್ಕೆ ತಮ್ಮ ಒಂದೇ ಒಂದು ಕಟ್ಟಳೆ ಮಾಡಿದ್ದ. ಮಗ್ಗದ ಸದ್ದು ಇರುವಷ್ಟು ಹೊತ್ತು ಅವಳು ನೆಲಕ್ಕೆ ಅಂಟಿಕೊಂಡು ಮಲಗಬೇಕು, ಸದ್ದು ನಿಂತಾಗ ಏಳಬಹುದು. ಟಕ್ ಟಕ ಟಕ್, ಟಕ್ ಟಕ ಟಕ್. ಬೈದು ಕಲಿಸಲಿಲ್ಲ, ಹೊಡೆದು ಕಲಿಸಲಿಲ್ಲ. ಸದ್ದು ನಿಂತಾಗಲೆಲ್ಲ ಅವನ ಕೈಯಿಂದ ಒಂದು ಚೂರು ಇಡ್ಲಿ ಬೀಳುತ್ತಿತ್ತು, ಅಷ್ಟೇ. ಏಳು ವರ್ಷ ಹಾಗೇ ನಡೆಯಿತು.

ಆಮೇಲೆ ತಮ್ಮನ ಬಲಭುಜ ಹೋಯಿತು. ಮಗ್ಗದ ಲಾಳಿಯ ಹಗ್ಗ ಎಳೆದು ಎಳೆದು ಸವೆದ ಕೀಲು ಇನ್ನು ಎಳೆಯುವುದಿಲ್ಲ ಎಂದು ಡಾಕ್ಟರು ಹೇಳಿದರು. ಮಗ್ಗ ಬಿಚ್ಚಿ ಅಟ್ಟಕ್ಕೆ ಹಾಕಿ ಅವನು ತಿರುಪ್ಪೂರಿನ ಬನಿಯನ್ ಕಂಪನಿಯೊಂದರಲ್ಲಿ ಚೆಕಿಂಗ್ ಕೆಲಸಕ್ಕೆ ಸೇರಿದ. ಅಲ್ಲಿ ಸಿಕ್ಕಿದ್ದು ಸಾಲುಮನೆಯ ಒಂದು ಕೋಣೆ. ಮನೆ ಮಾಲೀಕರು ನಾಯಿ ಕೂಡದು ಎಂದರು. ಹಾಗಾಗಿ ಲಾಳಿ ಮದುಕ್ಕರೈ ಹತ್ತಿರ, ಪಾಲಕ್ಕಾಡ್ ರಸ್ತೆಯ ಬದಿಯಲ್ಲಿರುವ ನನ್ನ ಫ್ಲಾಟಿಗೆ ಬಂದಳು. ನನಗೆ ನಾಯಿಗಳೆಂದರೆ ಅಂಥ ಮೋಹವೇನೂ ಇರಲಿಲ್ಲ. ಆದರೆ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನ ಪಕ್ಕ ‘ನಾಯಿಗಳನ್ನು ತರಬೇಡಿ’ ಎಂದು ಬರೆದಿತ್ತು.

ನಿವಾಸಿಗಳ ಸಂಘದ ಕಾರ್ಯದರ್ಶಿಗಳು ನಿವೃತ್ತ ಎಂಜಿನಿಯರು, ಸಜ್ಜನರು, ಗಿಡಗಳಿಗೆ ತಾವೇ ನೀರು ಹಾಕುವವರು. ಮೂರು ತಿಂಗಳು ಸುಮ್ಮನಿದ್ದು ಆಮೇಲೆ ಮನೆಗೆ ಬಂದರು. ಅವರ ಮಾತೆಲ್ಲ ತಮಿಳು, ಇಲ್ಲಿ ನಮ್ಮ ಮನೆಮಾತಿಗೆ ತಿರುಗಿಸಿಕೊಳ್ಳುತ್ತಿದ್ದೇನೆ. ಮರ್ಯಾದೆಯ ‘ಂಗ’ ಒಂದನ್ನು ಮಾತ್ರ ಬಿಟ್ಟಿಲ್ಲ, ಆ ಬಾಲವಿಲ್ಲದ ಮಾತು ಕೊಯಮತ್ತೂರಿನವರಿಗೆ ಒಗ್ಗುವುದಿಲ್ಲ.

“ತಪ್ಪು ತಿಳ್ಕೋಬೇಡೀಂಗ ಟೀಚರ್. ಕಾಂಪೌಂಡಲ್ಲಿ ನಾಯಿ ನಡೆಸೋ ಹಂಗಿಲ್ಲ ಅಂತ ತೀರ್ಮಾನ ಆಗೋಯ್ತು. ಬೀದೀಲಿ ನಡೆಸಿದ್ರೆ ಬೀದಿ ನಾಯೆಲ್ಲ ಮೇಲೆ ಬೀಳ್ತಾವೆ, ಮಕ್ಕಳು ಹೆದರ್ತಾರೆ. ಆ ಹಳೇ ಕ್ವಾರಿ ಹತ್ರ ನಾಯಿಗಂತಲೇ ಪಾರ್ಕ್ ಮಾಡವ್ರಲ್ಲ, ಅಲ್ಲಿ ಕರ್ಕೊಂಡೋಗಿ. ಅಲ್ಲಿನ ಕಾರ್ಡ್ ತಂದು ತೋರ್ಸಿ, ನಾಯಿ ಇರ್ಲಿ. ಈ ತಿಂಗಳ ಕೊನೆವರ್ಗೂ ಟೈಮ್ ಇದೇಂಗ.”

“ತರದೇ ಹೋದ್ರೆ?”

“ಬೇರೆ ಕಡೆ ಬುಡಬೇಕಾಗ್ತದೇಂಗ,” ಎಂದರು. ಬೇಜಾರು ಪಟ್ಟುಕೊಂಡೇ ಹೇಳಿದರು.

ಬೇರೆ ಕಡೆ ಎಂದರೆ ಎಲ್ಲಿ? ತಮ್ಮನ ಕೋಣೆಗೆ ಕಳಿಸುವಂತಿಲ್ಲ. ಉಳಿದದ್ದು ಊರಾಚೆ ನಾಯಿಗಳನ್ನು ಇಟ್ಟುಕೊಳ್ಳುವ ಒಂದು ಆಶ್ರಯ. ಅಲ್ಲಿಗೆ ಒಮ್ಮೆ ಹೋಗಿ ನೋಡಿಬಂದೆ. ಕೆಟ್ಟ ಜಾಗವೇನಲ್ಲ. ಆದರೆ ತಂತಿಬಲೆಯ ಹಿಂದೆ ನೂರಾರು ನಾಯಿಗಳು ನಿಂತುಕೊಂಡು, ಬಾಗಿಲಿಗೆ ಬಂದ ಪ್ರತಿಯೊಬ್ಬರ ಮುಖವನ್ನೂ ‘ನೀನಾ?’ ಎಂಬಂತೆ ನೋಡುತ್ತಿದ್ದವು. ಮನೆಗೆ ಬಂದು ಊಟ ಮಾಡಲಾಗಲಿಲ್ಲ. ನಾಯಿ ಮೇಲೆ ಮೋಹ ಇಲ್ಲ ಎಂದೆನಲ್ಲ, ಆ ಸಾಲನ್ನು ಹೊಡೆದುಹಾಕಿ.

ಪಾರ್ಕು ನಿಜಕ್ಕೂ ಚೆನ್ನಾಗಿತ್ತು. ಹಿಂದೊಮ್ಮೆ ಕಲ್ಲು ಒಡೆಯುತ್ತಿದ್ದ ಜಾಗವನ್ನು ಯಾರೋ ಪುಣ್ಯಾತ್ಮರು ಕೊಂಡು, ತಗ್ಗಿನಲ್ಲಿ ಹುಲ್ಲು ಬೆಳೆಸಿ, ಟಯರು, ಮರದ ಸೇತುವೆ, ನಾಯಿಗಳು ನುಸುಳಲು ಕೊಳವೆ ಎಲ್ಲ ಇಟ್ಟಿದ್ದರು. ಹಿಂಭಾಗದ ಗುಡ್ಡಕ್ಕೆ ಒಂದು ಕಾಲುದಾರಿ. ಎರಡೂ ಬದಿಗೆ ಬಿಳಿ ಬಣ್ಣ ಬಳಿದ ಕಲ್ಲು, ಅಲ್ಲಲ್ಲಿ ಕುಳಿತುಕೊಳ್ಳಲು ಬೆಂಚು, ನಾಯಿಗೆ ನೀರಿನ ತೊಟ್ಟಿ. ನಮ್ಮ ಸೀಮೆಯಲ್ಲಿ ಗುಡ್ಡ ಹತ್ತುವುದಕ್ಕೆ ಒಂದು ಕಾರಣ ಬೇಕಾಗಿತ್ತು. ಮೇಲೊಬ್ಬ ಮುರುಗನೋ ಅಮ್ಮನೋ ಇರಬೇಕು, ಕೈಯಲ್ಲಿ ಒಂದು ತೆಂಗಿನಕಾಯಿ ಇರಬೇಕು. ಬರಿಗೈಯಲ್ಲಿ, ಬರೀ ಉಸಿರು ಬಿಡುವುದಕ್ಕೆಂದು ಗುಡ್ಡ ಹತ್ತುವುದನ್ನು ನಮ್ಮ ಅಜ್ಜಿ ಕಂಡಿದ್ದರೆ ಮಂತ್ರಿಸಿದ ತಾಯಿತ ಕಟ್ಟಿಸುತ್ತಿದ್ದರು.

ನಾಯಿಯನ್ನು ‘ನಡೆಸುವುದು’ ಕೂಡ ಹೊಸ ಮಾತು. ನಾವು ಚಿಕ್ಕವರಿದ್ದಾಗ ನಾಯಿಗಳು ಸ್ವಂತ ಜವಾಬ್ದಾರಿಯ ಮೇಲೆ ನಡೆಯುತ್ತಿದ್ದವು. ಬೆಳಿಗ್ಗೆ ಹೊರಟು ಕಸಾಯಿ ಅಂಗಡಿ, ಟೀ ಅಂಗಡಿ, ಛತ್ರದ ಹಿತ್ತಿಲು ಹೀಗೆ ತಮ್ಮ ವ್ಯವಹಾರಗಳನ್ನೆಲ್ಲ ಮುಗಿಸಿಕೊಂಡು ಸಂಜೆಗೆ ಮರಳುತ್ತಿದ್ದವು. ಈಗ ಹಗ್ಗದ ಒಂದು ತುದಿಗೆ ನಾಯಿ, ಇನ್ನೊಂದು ತುದಿಗೆ ಸಕ್ಕರೆ ಕಾಯಿಲೆ. ಯಾರು ಯಾರನ್ನು ನಡೆಸುತ್ತಿದ್ದಾರೆ ಎಂದು ಹೇಳುವುದು ಕಷ್ಟ.

ಗೇಟಿನ ಪಕ್ಕದ ಕೌಂಟರಿನಲ್ಲಿ ಪಾರ್ಕಿನ ಮ್ಯಾನೇಜರ್ ಕೂತಿದ್ದಳು. ಹೆಸರು ಕವಿತಾ, ಮೂವತ್ತರ ಒಳಗಿನ ವಯಸ್ಸು, ನಗುಮುಖ. ಈ ಸುತ್ತಿನಲ್ಲಿ ನನ್ನ ಹತ್ತಿರ ಓದದೆ ಇರುವವರು ಸಿಗುವುದು ಅಪರೂಪ. ಬಸ್ ಕಂಡಕ್ಟರ್, ನರ್ಸು, ಪಂಚಾಯ್ತಿ ಗುಮಾಸ್ತ ಎಲ್ಲರೂ ನನ್ನನ್ನು ಕಂಡರೆ ಅರ್ಧ ಎದ್ದು ನಿಲ್ಲುತ್ತಾರೆ, ಕೆಲಸ ಸಲೀಸಾಗುತ್ತದೆ. ಇವಳೂ ನಮ್ಮ ಹುಡುಗಿಯೇ ಇರಬಹುದೆಂದು ಆಸೆಯಿಂದ ನೋಡಿದೆ. ಇವಳು ಓದಿದ್ದು ಬೇರೆ ಊರಿನ ಇಂಗ್ಲಿಷ್ ಶಾಲೆಯಲ್ಲಿ. ನನ್ನ ಅದೃಷ್ಟ ಅಂಥದ್ದು.

ಅರ್ಜಿಯಲ್ಲಿ ನಾಯಿಯ ಹೆಸರು, ವಯಸ್ಸು, ಹಾಕಿಸಿದ ಚುಚ್ಚುಮದ್ದು ಎಲ್ಲ ಬರೆದು ಆಯಿತು. ಮುಂದಿನ ಕಾಲಂ ‘ತಳಿ’. ನಾನು ದಪ್ಪ ಅಕ್ಷರದಲ್ಲಿ ‘ಬೀದಿ ನಾಯಿ’ ಎಂದು ಬರೆದೆ. ಕವಿತಾ ಅದನ್ನು ಓದಿ ಪೆನ್ನು ಕೆಳಗಿಟ್ಟಳು.

“ನಾಟು ನಾಯಿಗೆ ಪರ್ಮಿಷನ್ ಇಲ್ಲೀಂಗ ಅಮ್ಮ. ಲಿಸ್ಟಲ್ಲಿರೋ ತಳಿ, ಇಲ್ಲಾ ಅದ್ರ ಮಿಕ್ಸ್ ಮಾತ್ರ. ರೂಲ್ಸ್ ನಾನು ಮಾಡಿದ್ದಲ್ಲೀಂಗ.”

ಲಿಸ್ಟು ಉದ್ದವಾಗಿತ್ತು. ಜರ್ಮನಿಯವು ಇದ್ದವು, ಸೈಬೀರಿಯಾದ್ದು ಇತ್ತು. ಸೈಬೀರಿಯಾದಿಂದ ಹೊರಟ ನಾಯಿಗೆ ಮದುಕ್ಕರೈಯಲ್ಲಿ ಸ್ವಾಗತವಿದೆ, ಸಿರುಮುಗೈಯಿಂದ ಹೊರಟದ್ದಕ್ಕೆ ಇಲ್ಲ. ನನ್ನ ಕಣ್ಣು ಅವಳ ಮೊಬೈಲಿನ ಮೇಲೆ ಬಿತ್ತು. ಹಿಂಬದಿಯಲ್ಲಿ ಕಾಂಗೇಯಂ ಹೋರಿಯ ಸ್ಟಿಕ್ಕರು, ಉಬ್ಬಿದ ಹಿಣಿಲು, ಬಾಗಿದ ಕೊಂಬು. ಈ ಸೀಮೆಯಲ್ಲಿ ಅರ್ಧ ಕಾರುಗಳ ಗಾಜಿನ ಮೇಲೆ ಆ ಹೋರಿ ನಿಂತಿರುತ್ತದೆ.

“ಇದು ಯಾವ ದೇಶದ್ದು?” ಎಂದೆ.

“ನಮ್ಮೂರ್ದೇಂಗ. ನಮ್ಮ ಅಜ್ಜನ ಮನೇಲಿ ಎರಡು ಜೋಡಿ ಇದ್ದವು,” ಎಂದಳು, ಮುಖ ಅರಳಿಸಿ.

“ನಾಟು ಹೋರಿಗೆ ಸ್ಟಿಕ್ಕರು, ನಾಟು ನಾಯಿಗೆ ಗೇಟು. ಇದು ಯಾವ ನ್ಯಾಯ ನನ್ನ ಕಣ್ಣೇ?”

ಅವಳಿಗೆ ನಗು ಬಂತು, ತಡೆದುಕೊಂಡಳು. ಆಮೇಲೆ ಕೌಂಟರಿನ ಮೇಲೆ ಬಗ್ಗಿ ಮೆತ್ತಗೆ ಹೇಳಿದಳು, “ಅಮ್ಮ, ರಾಜಪಾಳಯಂ ಮಿಕ್ಸ್ ಅಂತ ಹಾಕ್ಬುಡೀಂಗ, ಆ ತಳಿ ಲಿಸ್ಟಲ್ಲಿದೆ. ಯಾರು ಕೇಳ್ತಾರೆ? ಈವಾಗ್ಲೇ ಕಾರ್ಡ್ ಕೊಡ್ತೀನಿ.”

ನೋಡಿ, ಇಲ್ಲಿಗೆ ಕಥೆ ಮುಗಿಯಬಹುದಿತ್ತು. ಒಂದು ಸಣ್ಣ ಸುಳ್ಳು, ಯಾರ ಹೊಟ್ಟೆಗೂ ಹೊಡೆಯದ್ದು. ಬುದ್ಧಿಯಿದ್ದವರು ಬರೆದು, ಕಾರ್ಡು ತೆಗೆದುಕೊಂಡು, ಗುಡ್ಡ ಹತ್ತಿ, ಇಳಿದು, ಮನೆಗೆ ಹೋಗಿ ಕಾಫಿ ಕುಡಿಯುತ್ತಿದ್ದರು. ನಾನು ಮೂವತ್ತೊಂದು ವರ್ಷ ಪರೀಕ್ಷೆಯಲ್ಲಿ ಕಾಪಿ ಹೊಡೆಯುವವರನ್ನು ಹಿಡಿದವಳು. ಲಂಗದ ಅಂಚಿನಲ್ಲಿ ಬರೆದುಕೊಂಡು ಬಂದವಳನ್ನೂ ಬಿಟ್ಟಿಲ್ಲ. ಮೇಲಾಗಿ, ಇಷ್ಟು ವರ್ಷ ರೇಷ್ಮೆ ಮಗ್ಗದ ಪಕ್ಕದಲ್ಲಿ ಒಂದು ಕೂದಲು ಕೂಡ ಬೀಳಿಸದೆ ಮಲಗಿದ್ದ ನಾಯಿಗೆ ಬೇರೊಬ್ಬ ಅಪ್ಪನನ್ನು ಕಟ್ಟುವುದೇ? ‘ಆಗಲ್ಲ’ ಎಂದೆ. ಲಾಳಿಯನ್ನು ಕರೆದುಕೊಂಡು ಬಂದ ದಾರಿಯಲ್ಲೇ ಹಿಂತಿರುಗಿದೆ. ಅರ್ಧ ದಾರಿಯಲ್ಲಿ ಅವಳು ಬಾಲ ಅಲ್ಲಾಡಿಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ಹಠ ನನ್ನದು, ಬೆಲೆ ತೆರುವವಳು ಅವಳು ಎಂಬುದು ಆಗ ಹೊಳೆಯಿತು. ನಾಚಿಕೆಯಾಯಿತು. ಈ ಸಲ ಸ್ವಲ್ಪ ಅಲ್ಲ.

ಆದರೂ ಮನಸ್ಸು ಬದಲಾಗಲಿಲ್ಲ. ಕೋಪ ಬಂದಾಗ ನಾನು ಓದಲು ಕೂರುತ್ತೇನೆ. ನಾಯಿಯ ಬಗ್ಗೆ ನಮ್ಮವರು ಏನೇನು ಹೇಳಿದ್ದಾರೆ ಎಂದು ಹುಡುಕಿದೆ. ಗಾದೆಗಳಲ್ಲಿ ಮರ್ಯಾದೆ ಸೊನ್ನೆ. ನಾಯಿ ಬಾಲ ಡೊಂಕು ಎನ್ನುತ್ತಾರೆ, ಅದನ್ನು ನೆಟ್ಟಗೆ ಮಾಡಿ ಇವರಿಗೆ ಆಗಬೇಕಾದ್ದೇನು? ನಾಯಿ ಬೊಗಳಿದರೆ ದೇವಲೋಕ ಹಾಳೇ ಎಂದು ಕೇಳುತ್ತಾರೆ, ಅದು ಬೊಗಳಿದ್ದು ದೇವಲೋಕಕ್ಕಲ್ಲ, ಮನೆ ಹಿತ್ತಿಲಿಗೆ ಬಂದ ಕಳ್ಳನಿಗೆ. ಹೊಳೆಯೇ ಹರಿದರೂ ನಾಯಿ ನೆಕ್ಕಿ ಕುಡಿಯಬೇಕು ಎಂದು ಹಂಗಿಸುತ್ತಾರೆ, ಇವರೇನು ಹೊಳೆಯನ್ನು ಒಂದೇ ಗುಟುಕಿಗೆ ಎತ್ತಿ ಕುಡಿಯುತ್ತಾರೋ? ಭೈರವ ಒಬ್ಬನೇ ನ್ಯಾಯ ತಿಳಿದವನು, ನಾಯಿಯನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡ.

ಆಮೇಲೆ ಒಂದು ಕಲ್ಲಿನ ಬಗ್ಗೆ ಓದಿದೆ. ಮಂಡ್ಯದ ಕಡೆ ಸಾವಿರ ವರ್ಷಕ್ಕೂ ಹಿಂದೆ ಒಂದು ನಾಯಿಗಾಗಿ ನಿಲ್ಲಿಸಿದ ವೀರಗಲ್ಲಂತೆ. ದೊಡ್ಡ ಕಾಡುಹಂದಿಯ ಮೇಲೆ ಬಿದ್ದು, ಅದನ್ನು ಕೊಂದು, ತಾನೂ ಸತ್ತ ನಾಯಿ. ಅದರ ಒಡೆಯ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಡಿಸಿದನಂತೆ. ಪೂಜೆ ಮಾಡದೆ ಉಂಡ ಪೂಜಾರಿಗೆ ಆ ನಾಯಿ ಮಾಡಿದ ಪಾಪ ತಟ್ಟಲಿ ಎಂದೂ ಬರೆಸಿದನಂತೆ. ನಾಯಿ ಮಾಡುವ ಪಾಪ ಎಷ್ಟಿದ್ದೀತು ಎಂದು ನನಗೆ ನಗು ಬಂತು. ಆ ಶಾಸನದಲ್ಲಿ ನಾಯಿಯ ಹೆಸರಿದೆ, ಕಾಳಿ ಎಂದು. ಕೆತ್ತಿದ ಹಂದಿ ಇದೆ, ಕಾದಾಟ ಇದೆ. ನಾನು ಓದಿದ ಮಟ್ಟಿಗೆ ತಳಿಯ ಮಾತೇ ಇಲ್ಲ. ಆ ಕಾಳಿ ಇಂದು ಎದ್ದು ಬಂದರೆ, ಅವಳ ಒಡೆಯನೂ ಕೌಂಟರಿನಲ್ಲಿ ಪೆನ್ನು ಹಿಡಿದು ಒದ್ದಾಡಬೇಕಾಗುತ್ತದೆ.

ಈ ಸಂಗತಿಯನ್ನೆಲ್ಲ ಸೇರಿಸಿ ಪಾರ್ಕಿನ ಆಡಳಿತಕ್ಕೆ ನಾಲ್ಕು ಪುಟದ ಅರ್ಜಿ ಬರೆದೆ, ಅಚ್ಚ ತಮಿಳಿನಲ್ಲಿ, ಒಂದು ಕಾಗುಣಿತ ತಪ್ಪಿಲ್ಲದೆ. ಉತ್ತರ ಬರಲಿಲ್ಲ. ಇನ್ನೊಂದು ಬರೆದೆ, ಐದು ಪುಟ. ಮೂರನೆಯದನ್ನು ನಾನೇ ಕೈಯಾರೆ ಕೊಡಲು ಹೋದಾಗ ಕವಿತಾ ದೂರದಿಂದಲೇ ಕೈ ಮುಗಿದಳು. “ಬಂದಿದೇಂಗ ಅಮ್ಮ, ಅರ್ಜಿಗೆ ಪದಿಲು ಬಂದಿದೆ,” ಎಂದಳು. ಲಿಸ್ಟಿನಲ್ಲಿಲ್ಲದ ನಾಯಿಗೆ ನಡತೆಯ ಪರೀಕ್ಷೆ ಇಡಬಹುದು ಎಂದು ಮೇಲಿನವರು ಒಪ್ಪಿದ್ದರು. ಭಾನುವಾರ ಬೆಳಿಗ್ಗೆ, ಬೇರೆ ನಾಯಿಗಳು ಆಡುತ್ತಿರುವಾಗ, ಕೂತ ಜಾಗದಿಂದ ಮೂರು ನಿಮಿಷ ಏಳಬಾರದು. ಒಂದೇ ಅವಕಾಶ. ಆ ಭಾನುವಾರವೇ ತಿಂಗಳ ಕೊನೆಯ ದಿನ.

ನಾನು ನಾಲ್ಕು ದಿನ ಲಾಳಿಗೆ ‘ಸಿಟ್’ ಎಂದು ಇಂಗ್ಲಿಷಿನಲ್ಲಿ, ‘ಉಕ್ಕಾರು’ ಎಂದು ತಮಿಳಿನಲ್ಲಿ, ‘ಕೂತ್ಕೋ ತಾಯೀ’ ಎಂದು ಕನ್ನಡದಲ್ಲಿ ಹೇಳಿದೆ. ಅವಳು ಮೂರು ಭಾಷೆಯಲ್ಲೂ ನಿಂತೇ ಇದ್ದಳು. ನಲವತ್ತು ಮಕ್ಕಳನ್ನು ಒಂದು ನೋಟಕ್ಕೆ ಕೂರಿಸಿದವಳು ನಾನು. ಕೊನೆಗೆ ಸೋತು ತಮ್ಮನಿಗೆ ಫೋನು ಮಾಡಿದೆ.

ರಂಗಸಾಮಿ ಭಾನುವಾರ ಮೊದಲ ಬಸ್ಸು ಹಿಡಿದು ತಿರುಪ್ಪೂರಿನಿಂದ ಬಂದ. ನಾಲ್ಕು ತಿಂಗಳ ಮೇಲೆ ಅವನನ್ನು ಕಂಡ ಲಾಳಿ ಅವನ ಸುತ್ತ ಹತ್ತು ಸಲ ಓಡಿ, ಅವನ ಚಪ್ಪಲಿಯ ಮೇಲೆ ಕೂತುಬಿಟ್ಟಳು. ಅವನು ಬಗ್ಗಿ ಆ ಮಡಚಿದ ಕಿವಿಯನ್ನು ಹಿಡಿದುಕೊಂಡು ನಿಂತ. ನಾನು ಮುಖ ಬೇರೆ ಕಡೆ ತಿರುಗಿಸಿದೆ.

ಪರೀಕ್ಷೆಯ ಜಾಗ ಬೇಲಿ ಹಾಕಿದ ಹುಲ್ಲುಹಾಸು. ಹತ್ತಾರು ನಾಯಿಗಳು, ಅವುಗಳ ಹಿಂದೆ ಅಷ್ಟೇ ಜನ. ಕವಿತಾ ಮೊಬೈಲಿನಲ್ಲಿ ಸಮಯ ಹಿಡಿದು ನಿಂತಳು. ತಮ್ಮ ಬೇಲಿಯ ಕಬ್ಬಿಣದ ಕಂಬದ ಪಕ್ಕ ಕುಕ್ಕರಗಾಲಲ್ಲಿ ಕೂತು, ಎಡಗೈಯ ಉಂಗುರದಿಂದ ಕಂಬಕ್ಕೆ ತಟ್ಟತೊಡಗಿದ. ಟಕ್ ಟಕ ಟಕ್. ಟಕ್ ಟಕ ಟಕ್.

ಲಾಳಿ ನೆಲಕ್ಕೆ ಬಿದ್ದಳು. ಹೊಟ್ಟೆ, ಗದ್ದ, ಬಾಲ ಎಲ್ಲ ಹುಲ್ಲಿಗೆ ಅಂಟಿಸಿ, ಕಣ್ಣು ಮಾತ್ರ ಅವನ ಕೈಯ ಮೇಲೆ. ಒಂದು ನಿಮಿಷ ಆಯಿತು. ಯಾವುದೋ ಬಂಗಾರ ಬಣ್ಣದ ಭಾರೀ ನಾಯಿ ಬಂದು ಅವಳ ಬೆನ್ನು ಮೂಸಿತು. ಎರಡು ನಿಮಿಷ. ಯಾರೋ ಎಸೆದ ಚೆಂಡು ಅವಳ ಮೂಗಿಗೆ ತಗುಲಿ ಉರುಳಿಹೋಯಿತು. ಅವಳ ಕಿವಿ ಕೂಡ ಅಲುಗಲಿಲ್ಲ. ನನ್ನ ಎದೆ ಮಾತ್ರ ಎರಡು ಮಗ್ಗದಷ್ಟು ಸದ್ದು ಮಾಡುತ್ತಿತ್ತು. ಮೂರು ನಿಮಿಷ ಮುಗಿಯಿತು, ನಾಲ್ಕಾಯಿತು, ಕವಿತಾ ಸಮಯ ನೋಡುವುದನ್ನೇ ಮರೆತಿದ್ದಳು. “ಸಾಕೂಂಗ ಅಣ್ಣ,” ಎಂದಾಗ ತಮ್ಮ ಕೈ ನಿಲ್ಲಿಸಿದ. ಲಾಳಿ ಎದ್ದು ಮೈ ಕೊಡವಿ ಇಡ್ಲಿಗಾಗಿ ಅವನ ಜೇಬು ಹುಡುಕಿದಳು. ಸುತ್ತಲಿದ್ದವರು ಚಪ್ಪಾಳೆ ತಟ್ಟಿದರು. ಇದು ಯಾವ ಟ್ರೇನಿಂಗ್ ಸ್ಕೂಲು ಎಂದು ಬಂಗಾರದ ನಾಯಿಯ ಒಡೆಯರು ವಿಳಾಸ ಕೇಳಿದರು. ತಮ್ಮ ಅಟ್ಟದ ಮೇಲಿರುವ ಮಗ್ಗವನ್ನು ನೆನೆದನೋ ಏನೋ, “ಮುಚ್ಚೋಯ್ತುಂಗ,” ಎಂದ.

ಕಾರ್ಡು ಬಂತು. ಅದರ ಜೊತೆ ಒಂದು ಅಗಲವಾದ ಹಳದಿ ಪಟ್ಟಿಯೂ ಬಂತು. ಅದರ ಮೇಲೆ ‘ನಡತೆ ಪರಿಶೀಲನೆಯಲ್ಲಿದೆ, ದಯವಿಟ್ಟು ಅಂತರ ಕಾಯ್ದುಕೊಳ್ಳಿ’ ಎಂದು ಅಚ್ಚಾಗಿತ್ತು. ವಿಶೇಷ ಅನುಮತಿ ಪಡೆದವರು ಪಾರ್ಕಿನೊಳಗೆ ಇರುವಷ್ಟು ಹೊತ್ತೂ ಇದನ್ನು ಎದ್ದು ಕಾಣುವಂತೆ ಧರಿಸಬೇಕು ಎಂಬುದು ನಿಯಮ.

“ಇದ್ಯಾಕೆ?” ಎಂದೆ. “ಪರೀಕ್ಷೆ ಪಾಸಾದವಳು ಇಲ್ಲಿ ಇವಳೊಬ್ಬಳೇ. ಉಳಿದವೆಲ್ಲ ಪರೀಕ್ಷೆಗೇ ಕೂತಿಲ್ಲ. ಪಟ್ಟಿ ಕಟ್ಟೋದಾದ್ರೆ ಅವಕ್ಕೆ ಕಟ್ಟು.”

ಕವಿತಾ ತಲೆ ತಗ್ಗಿಸಿದಳು. “ಗೊತ್ತೂಂಗ ಅಮ್ಮ. ನಾನೂ ಕೇಳ್ದೆ. ಸದ್ಯಕ್ಕೆ ಇಷ್ಟೇ ಆಗಿರೋದು.”

ತಮ್ಮ ನನ್ನ ಸೆರಗು ಹಿಡಿದು ಎಳೆದ. “ಅಕ್ಕ, ಸಂಡೈ ಹಾಕ್ಬೇಡ, ಜಗಳ ಬುಡು. ಆ ಹುಡ್ಗಿ ಪಿಳ್ಳೆ ಏನ್ ಮಾಡ್ತಾಳೆ, ಪಾಪ. ನಿಂಗೆ ನ್ಯಾಯ ಬೇಕಾ, ಲಾಳಿ ಬೇಕಾ?”

ಇಂಥ ಪ್ರಶ್ನೆಯನ್ನು ನನಗೆ ಬೇರೆ ಯಾರಾದರೂ ಕೇಳಿದ್ದರೆ ಎರಡೂ ಬೇಕು ಎನ್ನುತ್ತಿದ್ದೆ. ಅವನ ಬಲಗೈ ಮೇಲೆತ್ತಲಾಗದೆ ಪಕ್ಕಕ್ಕೆ ಜೋತುಬಿದ್ದಿತ್ತು. ಪಟ್ಟಿಯನ್ನು ತೆಗೆದುಕೊಂಡು ಬ್ಯಾಗಿನೊಳಗೆ ತುರುಕಿ, ಮೂವರೂ ಗುಡ್ಡದ ದಾರಿ ಹಿಡಿದೆವು.

ಲಾಳಿಗೆ ಗುಡ್ಡ ಹೊಸದು. ಅವಳು ಕಂಡ ಎತ್ತರವೆಂದರೆ ಮಗ್ಗದ ಗುಂಡಿಯಿಂದ ಮೇಲಕ್ಕೆ ಇದ್ದ ಎರಡು ಮೆಟ್ಟಿಲು. ಬಿಳಿ ಕಲ್ಲುಗಳನ್ನೆಲ್ಲ ಒಂದೊಂದಾಗಿ ಮೂಸಿ, ಲೆಕ್ಕ ತಪ್ಪಿದಂತೆ ಹಿಂದೆ ಬಂದು ಮತ್ತೆ ಮೂಸಿ ಹತ್ತಿದಳು. ನನಗೆ ಮೂರು ಕಡೆ ಕೂರಬೇಕಾಯಿತು. ಮೇಲೆ ಗಾಳಿ ಜೋರು, ವಾಳಯಾರ್ ಕಡೆಯ ಕಣಿವೆಯಿಂದ ನೇರ ಮುಖಕ್ಕೆ. ಕೆಳಗೆ ಪಾಲಕ್ಕಾಡ್ ರಸ್ತೆಯಲ್ಲಿ ಲಾರಿಗಳು, ಆಚೆ ಸಿಮೆಂಟ್ ಫ್ಯಾಕ್ಟರಿಯ ಚಿಮಣಿ, ಅದರಾಚೆ ಬೆಟ್ಟದ ಸಾಲು. ದೇವರಿಲ್ಲದ ಆ ತುದಿಯಲ್ಲಿ ನಾವು ತಂದಿದ್ದ ನಿಂಬೆಹಣ್ಣಿನ ಚಿತ್ರಾನ್ನವನ್ನು ಮೂವರೂ ತಿಂದೆವು.

ಹನ್ನೊಂದಕ್ಕೆ ತಮ್ಮನಿಗೆ ಬಸ್ಸು. ಮಧ್ಯಾಹ್ನದ ಪಾಳಿಗೆ ಹೋಗಬೇಕು. ಎದ್ದವನು ಹಾಗೇ ನಿಂತ. “ನಾ ಇಳಿದ್ರೆ ಇವಳೂ ಹಿಂದೆ ಬರ್ತಾಳೆ ಅಕ್ಕ. ಆವತ್ತು ನಿನ್ ಮನೇಲಿ ಬಿಟ್ಟು ವೋಗುವಾಗ ನಾ ಬಾಗಿಲಾಚೆ ಕೂತು ತಟ್ತಾ ಇದ್ದೆ. ಕೈ ಸೋತು ನಿಲ್ಸಿದ್ಮೇಲೆ ಒಳಗೆ ಪರಚೋ ಸದ್ದು ಕೇಳ್ತು. ಆಮೇಲೆ ನನ್ಗೆ ನಿಲ್ಲಾಕಾಗ್ಲಿಲ್ಲ, ಓಡೋದೆ.”

ಅವನು ಇದನ್ನು ನಾಲ್ಕು ತಿಂಗಳು ಯಾರಿಗೂ ಹೇಳಿರಲಿಲ್ಲ.

ಬಂಡೆಯ ಮೇಲೆ ಅವನು ತಟ್ಟತೊಡಗಿದ. ಲಾಳಿ ಮಲಗಿದಳು. ಅವನು ಕಣ್ಣಲ್ಲೇ ಕರೆದ, ನಾನು ಪಕ್ಕ ಕೂತು, ಒಂದು ಕಲ್ಲು ಹಿಡಿದು ಅವನ ತಾಳದೊಳಗೆ ನನ್ನದನ್ನು ಸೇರಿಸಿದೆ. ಸ್ವಲ್ಪ ಹೊತ್ತಿನಲ್ಲಿ ಅವನು ಕೈ ತೆಗೆದ, ಹಿಂದಡಿ ಇಟ್ಟು ದಾರಿಗಿಳಿದ. ಈಗ ನಾನೊಬ್ಬಳೇ ನೇಯುತ್ತಿದ್ದೆ. ನೇಕಾರರ ಮನೆಯಲ್ಲಿ ಹುಟ್ಟಿ ಒಂದು ಗೇಣು ಬಟ್ಟೆ ನೇಯದೆ ಓದಿಗೆ ಹೋದವಳು ನಾನು. ನೂರು ತಟ್ಟುವುದರೊಳಗೆ ತಾಳ ತಪ್ಪಿತು. ಟಕ್ ಟಕ್, ಟಕ. ಲಾಳಿ ತಲೆ ಎತ್ತಿದಳು. ಮಗ್ಗ ಕೆಟ್ಟಿದೆ ಎಂಬುದು ಅವಳಿಗೆ ಗೊತ್ತಾಯಿತು. ದಾರಿಯ ತಿರುವಿನಲ್ಲಿ ಅವನ ನೀಲಿ ಅಂಗಿ ಇನ್ನೂ ಕಾಣುತ್ತಿತ್ತು, ಅವಳು ಅದನ್ನು ನೋಡಿದಳು. ನನ್ನನ್ನು ನೋಡಿದಳು. ನಾನು ಕಲ್ಲು ಕೆಳಗಿಟ್ಟೆ, ಇನ್ನು ತಟ್ಟುವುದೂ ಒಂದು ಕಾಪಿಯೇ ಎನ್ನಿಸಿತು. ಹೋಗುವುದಾದರೆ ಹೋಗಲಿ ಎಂದುಕೊಂಡೆ, ಹಗ್ಗವನ್ನೂ ಬಿಟ್ಟೆ. ಅವಳು ಎದ್ದಳು, ಮೈ ಕೊಡವಿದಳು, ಎರಡು ಹೆಜ್ಜೆ ಆ ಕಡೆ ಹೋದಳು. ಆಮೇಲೆ ತಿರುಗಿ ಬಂದು, ದೊಡ್ಡ ಉಸಿರು ಬಿಟ್ಟು, ನನ್ನ ಚಪ್ಪಲಿಯ ಮೇಲೆ ಕೂತಳು.

ಇಳಿಯುವಾಗ ಬ್ಯಾಗಿನಲ್ಲಿದ್ದ ಹಳದಿ ಪಟ್ಟಿ ನೆನಪಾಯಿತು. ನಿಯಮ ನಿಯಮವೇ, ಅದನ್ನು ಮುರಿದು ಕವಿತಾಳ ಕೆಲಸಕ್ಕೆ ಸಂಚಕಾರ ತರುವುದು ನನಗಿಷ್ಟವಿರಲಿಲ್ಲ. ಕಾರ್ಡಿನ ಹಿಂಬದಿಯ ನಿಯಮವನ್ನು ಇನ್ನೊಮ್ಮೆ ಓದಿದೆ, ಪ್ರಶ್ನೆಪತ್ರಿಕೆ ಓದುವಷ್ಟು ಗಮನವಿಟ್ಟು. ವಿಶೇಷ ಅನುಮತಿ ಪಡೆದವರು ಧರಿಸಬೇಕು ಎಂದಿತ್ತೇ ಹೊರತು ನಾಯಿಯ ಕೊರಳಿಗೇ ಕಟ್ಟಬೇಕು ಎಂದು ಎಲ್ಲಿಯೂ ಇರಲಿಲ್ಲ. ಮೂರು ಅರ್ಜಿ ಹಾಕಿ, ವಾರಗಟ್ಟಲೆ ಎಲ್ಲರ ಜೀವ ತಿಂದು ಅನುಮತಿ ಪಡೆದವರು ಯಾರು? ಸೀರೆಯ ಭುಜದ ಮೇಲೆ ಎರಡು ಪಿನ್ನು ಹಾಕಿ ಸಿಕ್ಕಿಸಿಕೊಂಡೆ.

ಕೌಂಟರಿನ ಮುಂದೆ ಹಾದು ಬರುವಾಗ ಕವಿತಾ ನೋಡಿದಳು. ನಿಯಮದ ಪುಸ್ತಕ ತೆಗೆದು ಎರಡು ಸಲ ಓದಿದಳು. ಆಮೇಲೆ ಅದನ್ನು ಮುಚ್ಚಿಟ್ಟು, ಎದ್ದು ನಿಂತು, ಲಾಳಿಗೂ ನನಗೂ ಗೇಟು ತೆರೆದಳು.

ಸಂಜೆ ಸಂಘದ ಸಭೆಗೆ ಹಾಗೆಯೇ ಹೋದೆ, ಪಟ್ಟಿ ತೆಗೆಯುವ ಗೋಜಿಗೆ ಹೋಗಲಿಲ್ಲ. ಕಾರ್ಡನ್ನು ಕಾರ್ಯದರ್ಶಿಗಳ ಮುಂದಿಟ್ಟೆ. ಲಾಳಿ ನನ್ನ ಕುರ್ಚಿಯ ಕೆಳಗೆ ಮಲಗಿದ್ದ ಸಂಗತಿಯನ್ನು ಯಾರೂ ಪ್ರಸ್ತಾಪಿಸಲಿಲ್ಲ. ಕಾರ್ಯದರ್ಶಿಗಳು ಕನ್ನಡಕ ಏರಿಸಿಕೊಂಡು ಮೊದಲು ಕಾರ್ಡು ಓದಿದರು, ಆಮೇಲೆ ನನ್ನ ಭುಜ ಓದಿದರು. ನಡತೆ ಪರಿಶೀಲನೆಯಲ್ಲಿದೆ, ಅಂತರ ಕಾಯ್ದುಕೊಳ್ಳಿ. ಮೂವತ್ತೊಂದು ವರ್ಷ ನಾನು ಎಷ್ಟೋ ಮಕ್ಕಳಿಗೆ ನಡತೆಯ ಪ್ರಮಾಣಪತ್ರ ಬರೆದುಕೊಟ್ಟಿದ್ದೇನೆ, ಇಷ್ಟು ನಿಖರವಾಗಿ ಒಂದನ್ನೂ ಬರೆದಿರಲಿಲ್ಲ. ಅವರು ತಮ್ಮ ಕುರ್ಚಿಯನ್ನು ಒಂದು ಮೊಳ ಹಿಂದಕ್ಕೆ ಸರಿಸಿಕೊಂಡು, “ಮುಂದಿನ ವಿಷಯ, ನೀರಿನ ತೊಟ್ಟಿ,” ಎಂದರು.